ಮೂವತ್ತೆರಡೂ ಮುಕ್ಕಾಲು ಇಂಚು

ಅಳತೆ ಹಿಡಿಯುವ ಕೆಲಸ ಪ್ರತಿ ವರ್ಷವೂ ಡ್ವೇಟ್ ರಕ್ಕರ್‌ನದೇ. ಅವನು ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಆಟಗಾರರನ್ನು ಹುಡುಕುವ ಹಿರಿಯ ಸ್ಕೌಟು, ನಾನು ಹೊಸಬ. ಕಾಲೇಜಿನ ಜಿಮ್ಮಿನಲ್ಲಿ ಹದಿನಾಲ್ಕು ತಂಡಗಳವರು ಸೇರಿದ್ದೆವು. ರಕ್ಕರ್ ಟೇಪು ಹಿಡಿದು ಒಂದು ಅಂಕಿ ಕೂಗುತ್ತಾನೆ, ಎಲ್ಲ ಪೆನ್ನುಗಳೂ ಅದನ್ನೇ ಬರೆದುಕೊಳ್ಳುತ್ತವೆ. ಮತ್ತೆ ಅಳೆಯುವ ಮಾತೇ ಇಲ್ಲ. ಚಡ್ಡಿ ತೊಟ್ಟ ಹುಡುಗರು ಸಾಲಾಗಿ ಬಂದು ನಿಲ್ಲುತ್ತಾರೆ. ಸುಳಿ ನೋಡಿ ಎತ್ತು ಕೊಳ್ಳುವವರಾದರೂ ಒಮ್ಮೆ ನೊಗಕ್ಕೆ ಕಟ್ಟಿ ನಡೆಸಿ ನೋಡುತ್ತಾರೆ. ಈ ಮಹಾನುಭಾವರಿಗೆ ಅದೂ ಬೇಡ.

ನಾನು ಬಂದಿದ್ದು ಒಬ್ಬನಿಗಾಗಿ. ಲೀಲ್ಯಾಂಡ್ ಟ್ವೆಟನ್, ದಕ್ಷಿಣ ಡಕೋಟಾದ ಈ ಪುಟ್ಟ ಕಾಲೇಜಿನ ಎಡ ಟ್ಯಾಕಲ್. ಸಾಲಿನ ಎಡ ತುದಿಯಲ್ಲಿ ನಿಂತು, ಚೆಂಡು ಎಸೆಯಲು ನಿಂತ ಕ್ವಾರ್ಟರ್‌ಬ್ಯಾಕಿನ ಬೆನ್ನು ಕಾಯುವವನು. ಎರಡು ವರ್ಷದ ಇಪ್ಪತ್ತಮೂರು ಪಂದ್ಯಗಳಲ್ಲಿ ಇವನನ್ನು ದಾಟಿ ಹೋಗಿ ಆ ಬೆನ್ನು ಮುಟ್ಟಿದವರು ಇಬ್ಬರೇ, ಅದರಲ್ಲೂ ಒಬ್ಬ ಇವನ ಅಂಗಿ ಹಿಡಿದು ಎಳೆದಿದ್ದ. ನಾನು ಎಲ್ಲ ಪಂದ್ಯಗಳ ವಿಡಿಯೋಗಳನ್ನೂ ಹಿಂದೆ ಮುಂದೆ ತಿರುಗಿಸಿ ತಿರುಗಿಸಿ ನೋಡಿ ಹನ್ನೊಂದು ಪುಟದ ವರದಿ ಬರೆದಿದ್ದೆ. ರಕ್ಕರ್ ಅದರ ಮೇಲೆ ಕಾಫಿ ಲೋಟ ಇಟ್ಟಿದ್ದ. ಅಂದಿನಿಂದ ನನ್ನನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದ.

ವೃತ್ತಿ ತಂಡಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟಿಗೆ ಐದು ವಾರ ಉಳಿದಿತ್ತು. ಏಳು ಸುತ್ತಿನಲ್ಲಿ ಯಾರಾದರೂ ಹೆಸರು ಕೂಗಿದರೆ ಟ್ವೆಟನ್ ವೃತ್ತಿ ಆಟಗಾರ, ಇಲ್ಲವಾದರೆ ಅಪ್ಪನ ಹುಲ್ಲುಗಾವಲು. ಅವನಂಥ ಚಿಕ್ಕ ಕಾಲೇಜಿನವನಿಗೆ ತನ್ನನ್ನು ತೋರಿಸಿಕೊಳ್ಳಲು ಇದೊಂದೇ ಬೆಳಿಗ್ಗೆ.

ರಕ್ಕರ್ ಅವನ ಎಡ ಭುಜದ ಮೂಳೆಗೆ ಟೇಪು ಒತ್ತಿ, ನಡುಬೆರಳ ತುದಿಗೆ ಎಳೆದ.

"ಮೂವತ್ತೆರಡೂ ಮುಕ್ಕಾಲು!"

ಟ್ಯಾಕಲ್‌ಗೆ ಮೂವತ್ತಮೂರು ಇಂಚಿನ ಕೈ ಇರಲೇಬೇಕು. ಈ ಶಾಸನವನ್ನು ಯಾರು ಬರೆದರೋ ಗೊತ್ತಿಲ್ಲ, ಪಾಲಿಸಲು ಮಾತ್ರ ಎಲ್ಲರೂ ತಯಾರು.

"ಇದೇನು ಕೈಯೋ ಸೌಟೋ?" ಎಂದ ಇನ್ನೊಂದು ತಂಡದ ವರ್ನ್ ಮಾಸ್‌ಮನ್. ಬಾಗಿದರೆ ತನ್ನ ಮೊಣಕಾಲು ತಾನೇ ಮುಟ್ಟಲಾಗದ ಆಸಾಮಿ.

"ಸೌಟಾದ್ರೂ ಸೂಪಿನ ತಳ ಮುಟ್ಟುತ್ತೆ ಕಣಯ್ಯಾ," ಎಂದ ರಕ್ಕರ್. ಎಲ್ಲರೂ ನಕ್ಕರು. ಟ್ವೆಟನ್ ಕೂಡ ನಕ್ಕ. "ಪರವಾಗಿಲ್ಲ ಬಿಡೋ," ಎಂದು ರಕ್ಕರ್ ಮುಂದುವರಿಸಿದ. "ಒಳಸಾಲಿಗೆ ತಳ್ಳಿ ಗಾರ್ಡ್ ಮಾಡಿದ್ರಾಯ್ತು. ಅಲ್ಲಿ ಕೈ ಉದ್ದ ಯಾರು ಕೇಳ್ತಾರೆ? ಆರನೇ ಸುತ್ತಿಗೆ ಅಡ್ಡಿಯಿಲ್ಲ." ಹೇಳುತ್ತಲೇ ತನ್ನ ಫಾರಮ್ಮಿನಲ್ಲಿ ಪೆನ್ಸಿಲಿನಿಂದ ಗೀಚಿದ.

ನನ್ನ ಮೈ ಉರಿದುಹೋಯಿತು. ಗಾರ್ಡ್ ಅಂತೆ! ನಾನು ಹನ್ನೊಂದು ಪುಟ ಬರೆದ ಟ್ಯಾಕಲ್ಲನ್ನು ಈ ಟೇಪು ಹಿಡಿದ ದರ್ಜಿಗಳು ಒಳಸಾಲಿಗೆ ತಳ್ಳುವುದೆಂದರೇನು?

"ಬಲಗೈ ಅಳೀರಿ," ಎಂದೆ.

"ಅಳೆಯೋದು ಎಡಗೈ, ಮೇಷ್ಟ್ರೇ. ನಿಮ್ಮಪ್ಪ ಚಡ್ಡಿ ಹಾಕ್ತಿದ್ದಾಗಿಂದ."

ಟ್ವೆಟನ್ ನನ್ನ ಕಡೆ ನೋಡಿ ಬೇಡವೆಂಬಂತೆ ಸಣ್ಣಗೆ ತಲೆ ಆಡಿಸಿದ. ಪಾಪ, ಸಂಕೋಚದ ಹುಡುಗ ಎಂದುಕೊಂಡೆ.

"ಎಡಗೈ ಅಳೆದ್ರೆ ಕಮ್ಮಿ ಬರದೆ ಏನಾಗುತ್ತೆ? ಅವನ ಎಡ ಮೊಣಕೈ ಪೂರ್ತಿ ನೆಟ್ಟಗಾಗೋದೇ ಇಲ್ಲ! ಆಟ ನೋಡಿದ್ರೆ ತಾನೇ ನಿಮಗೆ ಗೊತ್ತಾಗೋದು? ಪ್ರತಿ ಸಲ ಬಲಗೈ ಮೊದ್ಲು ಹೊಡೆಯುತ್ತೆ, ಎಡಗೈ ಕೆಳಗಿಂದ ಬರುತ್ತೆ. ಒಂದು ಸಲಾನೂ ತಪ್ಪಿಲ್ಲ!"

ರಕ್ಕರ್ ಬಲಗೈ ಅಳೆದ.

"ಮೂವತ್ತಮೂರೂ ಕಾಲು."

ಗೆದ್ದೆ ಎಂದು ತಿರುಗಿ ನೋಡಿದೆ. ಆ ಅಂಕಿಯನ್ನು ಯಾರೂ ಬರೆದುಕೊಳ್ಳುತ್ತಿರಲಿಲ್ಲ. ಎಲ್ಲ ಪೆನ್ನುಗಳೂ ಬೇರೇನೋ ಬರೆಯುತ್ತಿದ್ದವು. ಮಾಸ್‌ಮನ್ ಹಾಳೆಯಲ್ಲಿ ದಪ್ಪಕ್ಷರದಲ್ಲಿ 'ಮೊಣಕೈ' ಎಂದಿತ್ತು, ಕೆಳಗೆ ಎರಡು ಗೆರೆ.

ರಕ್ಕರ್ ಟೇಪು ಸುತ್ತಿಟ್ಟು, ಬೋರ್‌ವೆಲ್ಲಿನ ಹಿಡಿಕೆ ಆಡಿಸಿ ನೋಡುವವನಂತೆ ಆ ಎಡಗೈಯನ್ನು ಮಡಚಿದ, ಬಿಡಿಸಿದ. ಕಡೆಗೆ ಎರಡು ಬೆರಳಿನಷ್ಟು ಬಾಗು ಉಳಿಯಿತು.

"ಯಾವಾಗಿಂದ?"

"ಮೂರು ವರ್ಷ ಆಯ್ತು ಸರ್. ಹುಲ್ಲಿನ ಗಾಡಿಯಿಂದ ಬಿದ್ದಿದ್ದೆ. ಮೂಳೆ ಕೂಡಿದೆ ಅಂತ ಡಾಕ್ಟರು ಬರ್ಕೊಟ್ಟಿದ್ದಾರೆ."

"ಕೂಡಿದೆ, ಸರಿ. ನೆಟ್ಟಗಿದೆ ಅಂತ ಬರ್ಕೊಟ್ಟಿಲ್ವಲ್ಲಪ್ಪ."

"ಇದೇ ಕೈಲೇ ಎರಡು ವರ್ಷ ಆಡಿದೀನಿ ಸರ್. ಈಗ ಆಡ್ತೀನಿ, ಒಂದ್ಸಲ ನೋಡಿ."

ಅವನು ಆಡಿ ತೋರಿಸಿದ. ನೂರ ನಲವತ್ತು ಕಿಲೋದ ಮನುಷ್ಯ ಹಿಮ್ಮುಖವಾಗಿ ಜಾರಿದರೆ ನೆಲಕ್ಕೆ ಸದ್ದು ಗೊತ್ತಾಗಲಿಲ್ಲ. ನೋಡಲು ಉಳಿದವರು ಐವರು. ಮಿಕ್ಕ ಪರಿಣತರು ಪಕ್ಕದ ಕೋಣೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್‌ಗೆ ಸಾಲು ಹಚ್ಚಿದ್ದರು. ಆ ಸಾಲಿನಲ್ಲಿ ಮಾತ್ರ ಅವರ ಕಾಲುಗಳು ಬಹಳ ಚುರುಕು.

ಮುಗಿದ ಮೇಲೆ ಬೆವರು ಒರೆಸಿಕೊಳ್ಳುತ್ತ ಟ್ವೆಟನ್ ನನ್ನ ಹತ್ತಿರ ಬಂದ.

"ನಿಮಗೆ ಇದು ಯಾವಾಗ ಗೊತ್ತಾಯ್ತು?"

"ನವೆಂಬರಲ್ಲೇ. ನಿನ್ನ ಆರನೇ ಪಂದ್ಯ ನೋಡ್ತಿದ್ದೆ."

"ಇವರಲ್ಲಿ ಬೇರೆ ಯಾರಿಗಾದ್ರೂ ಗೊತ್ತಿತ್ತಾ?"

"ಇವರಿಗಾ? ಒಬ್ಬನಿಗೂ ಇಲ್ಲ!" ಎಂದೆ, ಇನ್ನೂ ಹೆಮ್ಮೆಯಿಂದಲೇ.

"ಗಾರ್ಡ್ ಮಾಡ್ತೀನಿ ಅಂದ್ರಲ್ಲ ಅವರು. ಆರನೇ ಸುತ್ತು. ನಾನು ಚಳಿಗಾಲ ಪೂರ್ತಿ ಗಾರ್ಡ್ ಆಡೋದನ್ನೇ ಕಲ್ತಿದ್ದು." ಅವನು ಬೈಯಲಿಲ್ಲ. "ನನ್ನನ್ನ ಒಂದು ಮಾತು ಕೇಳ್ಬಹುದಿತ್ತು ನೀವು."

ಇಪ್ಪತ್ತಮೂರು ಪಂದ್ಯ ನೋಡಿದವನು ಅವನ ಜೊತೆ ಅಲ್ಲಿಯತನಕ ಇಪ್ಪತ್ತಮೂರು ಮಾತೂ ಆಡಿರಲಿಲ್ಲ.

ವಾಪಸು ಹೊರಟಾಗ ರಕ್ಕರ್‌ನೇ ಕಾರು ಓಡಿಸುತ್ತಿದ್ದ. ಹೆದ್ದಾರಿ ಸೇರಿದ ಮೇಲೆ ಹೇಳಿದ: "ಮೇಷ್ಟ್ರೇ, ಆ ಜಿಮ್ಮಲ್ಲಿ ಕಣ್ಣು ಅಂತ ಇದ್ದಿದ್ದು ನಿನಗೊಬ್ಬನಿಗೇ. ನನಗೂ ಇರಲಿಲ್ಲ, ಒಪ್ಕೋತೀನಿ. ಆದ್ರೆ ನೋಡಿದ್ದನ್ನ ನಮ್ಮ ಡಾಕ್ಟರ ಕಿವೀಲಿ ಹೇಳ್ಬೇಕು ಕಣೋ. ಹದಿನಾಲ್ಕು ತಂಡಕ್ಕೆ ಡಂಗುರ ಹೊಡೀತಾರೇನೋ, ಕತ್ತೆ? ಬಾಗಿದ ಮೊಣಕೈಯವನನ್ನ ಇನ್ನು ಯಾರು ಆರಿಸ್ತಾರೆ?"

"ಆ ಮೊಣಕೈಯಿಂದ ಆಟಕ್ಕೆ ಏನೂ ಆಗಿಲ್ಲ. ನೀವೇ ನೋಡಿದ್ರಲ್ಲ!"

"ನಾನೆಲ್ಲಿ ನೋಡ್ದೆ? ಸ್ಯಾಂಡ್‌ವಿಚ್ ತಿಂತಿದ್ದೆ."

ನಾಚಿಕೆಯೂ ಇಲ್ಲದೆ ಹೇಳಿದ. ಆಮೇಲೆ ಡ್ಯಾಶ್‌ಬೋರ್ಡಿನ ಮೇಲಿದ್ದ ಫಾರಮ್ಮು ತೆಗೆದು ನನ್ನ ತೊಡೆಯ ಮೇಲೆ ಹಾಕಿದ. ಅವನ ಕೋಳಿಕಾಲು ಅಕ್ಷರದಲ್ಲಿ 'ಗಾರ್ಡ್, ಆರನೇ ಸುತ್ತು' ಎಂದಿತ್ತು.

"ಅಳಿಸು," ಎಂದು ರಬ್ಬರು ಕೊಟ್ಟ.

ಟ್ವೆಟನ್ ಬಗ್ಗೆ ಆ ಇಡೀ ಬೆಳಿಗ್ಗೆ ಯಾರಾದರೂ ಬರೆದ ಒಳ್ಳೆಯ ಮಾತು ಅದೊಂದೇ. ಪೆನ್ಸಿಲನ್ನು ಬಹಳ ಒತ್ತಿ ಬರೆದಿದ್ದ ಮುದುಕ. ಅಳಿಸಿ ಮುಗಿಸುವಷ್ಟರಲ್ಲಿ ಎರಡು ಊರು ದಾಟಿದ್ದೆವು.