ನಡುಗಂಬದ ಹಾಯಿ

ಹೆಗ್ಗಡದೇವನಕೋಟೆಯ ಅಬ್ದುಲ್ ರಹಮಾನ್ ಡೇರೆ ಹೊಲಿಯುವವನು. ಕಪಿಲೆಗೆ ಕಟ್ಟೆ ಬಿದ್ದು ನೀರು ನಿಂತ ಮರುವರ್ಷ, ಬೀಚನಹಳ್ಳಿಯ ಓವರ್ಸಿಯರ್ ನಂಜುಂಡಸ್ವಾಮಿ ಯಾವುದೋ ಪರದೇಶದ ಪತ್ರಿಕೆಯ ಚಿತ್ರ ತಂದು ತೋರಿಸಿದ. ಒಂದು ಹಲಗೆ, ಅದರ ಮೇಲೆ ನಿಂತ ಮನುಷ್ಯ, ಅವನ ಕೈಯಲ್ಲೇ ಹಾಯಿ.

"ಇಂಥದ್ದೊಂದು ಮಾಡ್ಕೊಡಿ ಸಾಬ್ರೇ."

ಓದಿದವರ ಹುಚ್ಚಿಗೆ ಮದ್ದಿಲ್ಲ ಎಂದುಕೊಂಡರೂ ರಹಮಾನ್ ಒಪ್ಪಿದ. ಚಿತ್ರ ನೋಡಿದಾಗಲೇ ಅವನಿಗೂ ಆ ಹುಚ್ಚು ಹತ್ತಿತ್ತು.

ಹಾಯಿ ಚೆನ್ನಾಗಿಯೇ ಬಂತು, ಕಂಬ ಕೂಡಲಿಲ್ಲ. ಬಿದಿರು ಸೀಳಿತು. ಆಗ ದೋಣಿ ನಡೆಸುವ ಜೇನುಕುರುಬರ ರಂಗ ಉದ್ದನೆಯ ಗಳುವೊಂದನ್ನು ಹೊತ್ತು ತಂದ. ಮುಳುಗಿದ ಅವನ ಹಾಡಿಯ, ಅವನದೇ ಗುಡಿಸಲಿನ ನಡುಗಂಬ. ಬೇಸಿಗೆಗೆ ನೀರು ಇಳಿದು ತಲೆ ತೋರಿಸಿತ್ತಂತೆ.

ಅವನ ಹೆಂಡತಿ ಕೆಂಪಿ ಹೌಹಾರಿದಳು. ಅವರ ಮನೆತನದಲ್ಲಿ ಊರು ಬಿಡುವವರು ನಡುಗಂಬ ಮುಟ್ಟಿ, ಎಲ್ಲಿಗೆ ಹೋಗುತ್ತೇವೆಂದು ಹೇಳಿ ಹೊರಡಬೇಕು. ಹಾಡಿ ಖಾಲಿ ಮಾಡಿಸಲು ಅಂದು ಲಾರಿ ಬಂದು ಹಾರ್ನ್ ಹೊಡೆದ ಗಡಿಬಿಡಿಯಲ್ಲಿ ಯಾರೂ ಹೇಳಿರಲಿಲ್ಲ. ರಂಗನ ಅವ್ವ ನಿಂಗಿಯನ್ನು ಮಣ್ಣು ಮಾಡಿದ್ದೂ ಆ ಗುಡಿಸಲ ಹಿಂದೆಯೇ.

"ಮರಕ್ಕೇನ್ ಗೊತ್ತಾಯ್ತದೆ, ಬುಡಮ್ಮಿ," ಎಂದ ರಂಗ. ರಹಮಾನನೂ ನಕ್ಕುಬಿಟ್ಟ.

ಮಧ್ಯಾಹ್ನ ಮೂವರೂ ದೋಣಿಯಲ್ಲಿ ನಡುನೀರಿಗೆ ಹೋದರು. ಗಂಡನೊಬ್ಬನನ್ನೇ ಕಳಿಸಲು ಕೆಂಪಿ ಒಪ್ಪಿರಲಿಲ್ಲ. ಹಾಯಿಯ ಅಂಚಿನ ಚೀಲಕ್ಕೆ ಕಂಬ ತೂರಿಸಿ, ಅದರ ಬುಡವನ್ನು ಹಲಗೆಗೆ ತೊಗಲಿನ ಪಟ್ಟಿಯಿಂದ ಬಿಗಿದು, ಎಲ್ಲವನ್ನೂ ನೀರಿನ ಮೇಲೆ ಮಲಗಿಸಿದರು. ರಂಗ ಹಲಗೆಗೆ ಇಳಿದು, ಹಗ್ಗ ಜಗ್ಗಿ ಹಾಯಿ ಎತ್ತಿದ.

"ನೀರಿಗಿಳಿದ್ ಮ್ಯಾಕೆ ಚಳಿಯೇನು ಮಳೆಯೇನು ಸಾಬ್ರೇ!" ಎಂದು ಹಲ್ಲು ಬಿಟ್ಟ.

ಗಾಳಿ ಕಟ್ಟೆಯ ಕಡೆಗೆ ಬೀಸುತ್ತಿತ್ತು. ಹಲಗೆ ಅದಕ್ಕೆ ಎದುರಾಗಿ ಕಾಡಿನ ಕಡೆಗೆ ಹೊರಟಿತು. ಕಣ್ಣೆದುರೇ ಹಾಯಿ ಎದುರುಗಾಳಿಗೆ ಎದೆಯುಬ್ಬಿಸಿ ನಿಂತಿತ್ತು. ತಾನೇ ಹೊಲಿದ ಬಟ್ಟೆಯನ್ನು ನೋಡಿ ರಹಮಾನನಿಗೆ ಹೆದರಿಕೆಯಾಯಿತು.

"ಕೈ ಬುಡೋ ರಂಗ! ನೀರಿಗೆ ಹಾರೋ!"

ರಂಗ ತಿರುಗಿ ನೋಡಲಿಲ್ಲ. ರಹಮಾನ್ ಎಷ್ಟು ಹುಟ್ಟು ಹಾಕಿದರೂ ದೋಣಿ ಅವನನ್ನು ಮುಟ್ಟಲಿಲ್ಲ. ಒಣಮರಗಳ ತುದಿ ನೀರಿನಿಂದ ಎದ್ದಿದ್ದ ಕಡೆ, ಹಾಡಿ ಮುಳುಗಿದ್ದ ಜಾಗದಲ್ಲಿ ಹಲಗೆ ನಿಂತಿತು. ನಿಂತು, ನೆಟ್ಟಗೆ ಕೆಳಕ್ಕೆ ಇಳಿಯತೊಡಗಿತು. ನೀರು ರಂಗನ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಗುಡಿಸಲಿನ ಬಾಗಿಲಲ್ಲಿ ತಲೆ ತಗ್ಗಿಸುವವನ ಹಾಗೆ ಅವನು ಬಗ್ಗಿದ.

ಕೆಂಪಿ ದೋಣಿಯಲ್ಲಿ ಎದ್ದು ನಿಂತಳು.

"ಅತ್ತೇ! ನಾವು ಊರು ಬುಟ್ಟೀವಿ ಕಣತ್ತೆ! ರಸ್ತೆ ಮಗ್ಗುಲ್ಗೆ ಗುಡ್ಲು ಹಾಕ್ಕಂಡೀವಿ. ಇನ್ನು ಬರಾಕಿಲ್ಲ. ನಮ್ ದಾರಿ ಕಾಯ್ಬ್ಯಾಡ!"

ಬರುವುದಿಲ್ಲ ಎಂದು ಮನೆಗೆ ಹೇಳುವವರುಂಟೆ? ಹೇಳುತ್ತಲೇ ಅವಳು ಗಲ್ಲ ಗಲ್ಲ ಬಡಿದುಕೊಂಡಳು.

ಹಾಯಿ ದೊಪ್ಪನೆ ಬಿತ್ತು. ಹಲಗೆ ಮೇಲಕ್ಕೆ ತೇಲಿತು. ಆಗ ದೋಣಿ ಅವನನ್ನು ಮುಟ್ಟಿತು, ಇಬ್ಬರೂ ಸೇರಿ ರಂಗನನ್ನು ಒಳಕ್ಕೆ ಎಳೆದುಕೊಂಡರು. ಕೆಮ್ಮಿ ನೀರು ಕಕ್ಕಿದ ಮೇಲೆ ಅವನು ಹೆಂಡತಿಯನ್ನು ನೋಡಿದ ನೋಟದಲ್ಲಿ ಸಿಟ್ಟಿತ್ತು.

"ಯಾಕ್ ಅಂಗಂದೆ? ಅವ್ವ ಒಲೆ ಹಚ್ಚಿದ್ಲು ಕಣಮ್ಮಿ. ಒಳೀಕ್ ಬಾ ಮಗ ಅಂತಿದ್ಲು."

ರಹಮಾನ್ ಹಾಯಿಯನ್ನು ಒಳಗೆಳೆದು ಹಿಂಡಿದ. ನೀರು ಧಾರೆಯಾಗಿ ಸುರಿಯಿತು. ಆ ಬಟ್ಟೆ ಆಗಷ್ಟೇ ಹಚ್ಚಿದ ಸೌದೆ ಒಲೆಯ ಹೊಗೆ ನಾರುತ್ತಿತ್ತು. ಕೆಂಪಿ ಅದನ್ನು ಅವನ ಕೈಯಿಂದ ಕಿತ್ತುಕೊಂಡು, ಮುಖಕ್ಕೆ ಒತ್ತಿಕೊಂಡು, "ತಪ್ಪಾಯ್ತು ಕಣತ್ತೆ" ಎಂದು ಅಳತೊಡಗಿದಳು.