ಮಾಮೂಲು ಅಂದರೆ ಎಷ್ಟು?

ಸಾಮ್ರಾಜ್ಯಗಳ ಬಾವುಟ ಬದಲಾದರೆ ಜನ ಬೀದಿಗಿಳಿದು ಕೂಗಾಡುತ್ತಾರೆ. ಪರದೆ ಅಂಗಡಿಯಲ್ಲಿ ಅದಕ್ಕಿಂತ ಗುರುತರವಾದ ಘಟನೆ ನಡೆದುಹೋಯಿತು, ಯಾರೂ ಕಮಕ್ ಕಿಮಕ್ ಎನ್ನಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಮುಂದಿನ ಕುರ್ಚಿಯನ್ನು ವರ್ಷಗಳಿಂದ ಆಳುತ್ತಿದ್ದ ಕೆನೆಬಣ್ಣದ ದಿಂಬು ಪದಚ್ಯುತವಾಗಿ, ಆ ಜಾಗದಲ್ಲಿ ಕಡುಗೆಂಪು ದಿಂಬೊಂದು ಪಟ್ಟಕ್ಕೆ ಬಂದಿತ್ತು.

"ಕೊಳೆ ಕಾಣಲ್ಲ ಅಂತ ಹಾಕ್ದೆ," ಎಂದಳು ಅಳತೆ ಅಕ್ಕ.

"ನಾನೇನು ಕೇಳ್ಲೇ ಇಲ್ವಲ್ಲ," ಎಂದಳು ಕಿರಿಯ ಓರಗಿತ್ತಿ.

ಅಂಗಡಿ ನಡೆಸುತ್ತಿದ್ದವರು ಇವರಿಬ್ಬರೇ, ಅಣ್ಣತಮ್ಮಂದಿರ ಹೆಂಡಂದಿರು. ಹಿರಿಯವಳು ಅಳೆದು ಕತ್ತರಿಸುವಳು. ಕಿರಿಯವಳು ಹೊಲಿಯುವಳು, ಜೊತೆಗೆ ಇಬ್ಬರ ಪಾಲಿನ ಮಾತನ್ನೂ ತಾನೇ ಆಡುವಳು. 'ಅಳತೆ ಅಕ್ಕ' ಎಂಬ ಬಿರುದು ಗಿರಾಕಿಗಳು ಕೊಟ್ಟದ್ದು, ಪ್ರೀತಿಯಿಂದಲ್ಲ. "ಮಾಮೂಲು ಕಿಟಕಿ ಕಣಮ್ಮ, ಮಾಮೂಲು ಉದ್ದಕ್ಕೆ ಹೊಲಿದುಬಿಡಿ" ಎಂದು ಯಾರಾದರೂ ಬಾಯಿಬಿಟ್ಟರೆ ಮುಗಿಯಿತು. "ಮಾಮೂಲು ಅಂದ್ರೆ ಎಷ್ಟು? ನಿಮ್ಮ ಮಾಮೂಲು ಬೇರೆ, ಪಕ್ಕದ ಮನೆ ಮಾಮೂಲು ಬೇರೆ. ಅಳತೆ ತನ್ನಿ!" ಆ ಅಂಗಡಿಯಲ್ಲಿ ಬೈಗುಳಕ್ಕೆ ಮಾಫಿ ಇತ್ತು, 'ಮಾಮೂಲು' ಎಂಬ ಮಾತಿಗೆ ಇರಲಿಲ್ಲ.

ಇಂಥವಳು ತನ್ನ ಮೈಯ ವಿಷಯದಲ್ಲಿ ಒಂದು ವರ್ಷದಿಂದ ಅದೇ ಮಾತು ಜಪಿಸುತ್ತಿದ್ದಳು. ಮುಟ್ಟು ಈಗ ನೆಂಟನಂತೆ ಬಂದು ಬಾಡಿಗೆದಾರನಂತೆ ಠಿಕಾಣಿ ಹೂಡುತ್ತಿತ್ತು. ಹೋಯಿತಪ್ಪ ಎಂದು ಉಸಿರು ಬಿಡುವಷ್ಟರಲ್ಲಿ, ಕೊಡೆ ಮರೆತವನ ಹಾಗೆ ಮತ್ತೆ ಬಾಗಿಲು ತಟ್ಟುತ್ತಿತ್ತು. ಹೆಪ್ಪುಹೆಪ್ಪಾಗಿ ಹೋಗುತ್ತಿತ್ತು. ಮೆಟ್ಟಿಲು ಹತ್ತಿದರೆ ಎದೆ ಡವಡವ ಎನ್ನುತ್ತಿತ್ತು. ಅಮ್ಮನಿಗೂ ಹೀಗೇ ಆಗುತ್ತಿತ್ತು, ಆದ್ದರಿಂದ ಇದು ಮಾಮೂಲು. ಚಿಕ್ಕಮ್ಮನಿಗೂ ಹೀಗೇ ಆಗಿತ್ತು. ಆದರೆ ಚಿಕ್ಕಮ್ಮ ಆಸ್ಪತ್ರೆಗೆ ಹೋದಳು, ಅಲ್ಲಿಂದ ಮರಳಿ ಬಂದದ್ದು ಅವಳ ಚಪ್ಪಲಿ ಮಾತ್ರ. ಆಸ್ಪತ್ರೆಗೆ ಹೋದದ್ದರಿಂದ ಹಾಗಾಯಿತೋ, ತಡವಾಗಿ ಹೋದದ್ದರಿಂದಲೋ ಎಂದು ಮನೆಯಲ್ಲಿ ಯಾರೂ ವಿಚಾರಿಸಿರಲಿಲ್ಲ. ಅಳತೆ ಅಕ್ಕನ ಲೆಕ್ಕ ಸರಳವಾಗಿತ್ತು: ತೋರಿಸದಿದ್ದರೆ ಆ ರೋಗ ಇರುವುದಿಲ್ಲ.

ಕಾರಣಗಳಿಗೇನು ಮನೆಯಲ್ಲಿ ಬರವಿರಲಿಲ್ಲ. "ಎಲ್ಲಾ ಉಷ್ಣ," ಎಂದು ಗಂಡ ಪೇಪರಿನಿಂದ ಮುಖ ಎತ್ತದೆ ತೀರ್ಪು ಕೊಟ್ಟ. ಅತ್ತೆಯ ಪ್ರಕಾರ ಎತ್ತರದ ಏಣಿ ಹತ್ತುವ ಹೆಂಗಸರಿಗೆ ಅದು ಆಗಲೇಬೇಕು. ಎದುರು ಮನೆಯಾಕೆ ಮಾತ್ರ, "ವಯಸ್ಸಾಯ್ತಲ್ಲ, ಆರೋ ದೀಪಕ್ಕೆ ಉರಿ ಜಾಸ್ತಿ," ಎಂದು ಸಮಾಧಾನ ಹೇಳಿ, ಇದ್ದ ಸಮಾಧಾನವನ್ನೂ ಕೊಂಡುಹೋದಳು.

ಹೀಗಿರುವಾಗ ಹಲ್ಲಿನ ವೈದ್ಯರೊಬ್ಬರ ಮನೆಯ ದೊಡ್ಡ ಕಿಟಕಿ ಅಳೆಯಲು ಏಣಿ ಹತ್ತಿದಳು. ಟೇಪು ಹಿಡಿದ ಕೈ ಎಲ್ಲೋ, ಗೋಡೆ ಎಲ್ಲೋ; ಕಣ್ಣಿಗೆ ಕತ್ತಲೆ ಕವಿಯಿತು. ಕಂಬಿ ಹಿಡಿದು ಸುಧಾರಿಸಿಕೊಂಡು ಇಳಿದಳು. ಪರದೆ ಹೊಲಿದು ತೂಗುಹಾಕಿದ ದಿನ ಅದು ನೆಲದಿಂದ ಒಂದು ಗೇಣು ಮೇಲೆಯೇ ನಿಂತುಬಿಟ್ಟಿತು.

"ಏನಮ್ಮ, ಪರದೆಗೆ ಚಡ್ಡಿ ತೊಡಿಸಿದ್ದೀರಾ?" ಎಂದು ವೈದ್ಯರು ನಕ್ಕರು.

ಓರಗಿತ್ತಿ ನಗಲಿಲ್ಲ. ಅಂಗಡಿಗೆ ಬಂದವಳೇ ಷಟರ್ ಅರ್ಧ ಇಳಿಸಿದಳು. "ಅಕ್ಕಾ, ಸೂರ್ಯ ಪಶ್ಚಿಮದಲ್ಲಿ ಹುಟ್ಟಬಹುದು, ನಿನ್ನ ಅಳತೆ ತಪ್ಪಲ್ಲ. ಮುಖ ನೋಡ್ಕೊಂಡಿದ್ದೀಯಾ? ಸುಣ್ಣದ ಗೋಡೆ ಇದ್ದಂಗಿದೆ. ಆ ಕೆಂಪು ದಿಂಬಿನ ಕಥೆ ಏನು ಹೇಳು."

"ಮಾಮೂಲು ಕಣೇ. ಹೆಂಗಸರ ಕಷ್ಟ."

"ನಾನೂ ಹೆಂಗಸೇ. ನನ್ನ ದಿಂಬು ಬಿಳೀದೇ ಇದೆ. ನಡಿ ಡಾಕ್ಟರ ಹತ್ರ."

"ಹೋದೋರು ವಾಪಸ್ ಬರಲ್ಲ." ಬೇಡವೆಂದರೂ ಮಾತು ಬಾಯಿಂದ ಜಾರಿತ್ತು. ಅದರ ಹಿಂದೆಯೇ ಚಿಕ್ಕಮ್ಮನ ಕಥೆಯೂ ಹೊರಬಂತು.

ಓರಗಿತ್ತಿ ಅಕ್ಕನ ಕಾಲಿನತ್ತ ನೋಡಿದಳು. ಆಮೇಲೆ, "ಚಪ್ಪಲಿ ಬಿಟ್ಟೇ ಹೋಗು. ವಾಪಸ್ ಬರೋಕೆ ನೀನೊಬ್ಳೇ ಇರ್ತೀಯ," ಎಂದಳು. ಅಳತೆ ಅಕ್ಕನಿಗೆ ನಗು ಬಂತು, ನಕ್ಕಮೇಲೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಚಪ್ಪಲಿ ಹಾಕಿಕೊಂಡೇ ಹೋದಳು, ಜೊತೆಗೆ ಓರಗಿತ್ತಿಯೂ.

ಡಾಕ್ಟರಮ್ಮ ಸಾವಧಾನದ ಹೆಂಗಸು. "ತಿಂಗಳ ಸ್ರಾವ ಹೇಗಿದೆ?" ಎಂದು ಕೇಳಿದರು.

"ಮಾಮೂಲು," ಎಂದಳು ಅಳತೆ ಅಕ್ಕ.

ಡಾಕ್ಟರಮ್ಮನ ಪೆನ್ನು ಹಾಗೆಯೇ ಬರೆದುಕೊಳ್ಳಲು ಹೊರಟಿತ್ತು. ಅಷ್ಟರಲ್ಲಿ ಪಕ್ಕದ ಕುರ್ಚಿ ಗುಡುಗಿತು. "ಮಾಮೂಲು ಅಂದ್ರೆ ಎಷ್ಟು? ನಿನ್ನ ಮಾಮೂಲು ಬೇರೆ, ಪಕ್ಕದ ಮನೆ ಮಾಮೂಲು ಬೇರೆ. ಅಳತೆ ಕೊಡಕ್ಕಾ!"

ತನ್ನ ಕತ್ತರಿ ತನಗೇ ತಾಗಿದ್ದು ಅದೇ ಮೊದಲು. ಅಳತೆ ಅಕ್ಕ ತಲೆ ತಗ್ಗಿಸಿದಳು. ಆಮೇಲೆ ತಲೆ ಎತ್ತಿ, ಗಿರಾಕಿಯ ಕಿಟಕಿಯನ್ನು ವಿವರಿಸುವಷ್ಟೇ ಚೊಕ್ಕವಾಗಿ ಹೇಳಿದಳು. ಬಟ್ಟೆ ಎಷ್ಟು ಬೇಗ ನೆನೆಯುತ್ತದೆ, ಹೆಪ್ಪು ಎಷ್ಟು ದಪ್ಪ, ಎಷ್ಟು ದಿನ, ನಡುವೆ ಎಷ್ಟು ಬಿಡುವು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿದರು.

"ಇದು ಮಾಮೂಲಲ್ಲ ತಾಯಿ," ಎಂದರು.

"ಹಾಗಾದ್ರೆ... ಅದೇನಾ?"

"ಯಾವುದು ಅದು? ಕ್ಯಾನ್ಸರ್ರಾ? ಅದೂ ಒಂದು ಕಾರಣ. ಅದಕ್ಕೇ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀನಿ, ನಿಮ್ಮ ವಯಸ್ಸಿಗೆ ಅದನ್ನ ಬಿಡೋ ಹಾಗಿಲ್ಲ. ಆದ್ರೆ ಸರತಿಯಲ್ಲಿ ಅದರ ಮುಂದೆ ಬೇಕಾದಷ್ಟು ನಿಂತಿವೆ. ಮುಟ್ಟು ನಿಲ್ಲೋಕೆ ಮುಂಚೆ ಹಾರ್ಮೋನು ಏರುಪೇರಾಗಬಹುದು. ಥೈರಾಯ್ಡ್ ಇರಬಹುದು. ಗರ್ಭಕೋಶದಲ್ಲಿ ಗಂಟು ಇರಬಹುದು. ಕೆಲವರಿಗೆ ರಕ್ತವೇ ಬೇಗ ಹೆಪ್ಪುಗಟ್ಟಲ್ಲ, ಕೆಲವರಿಗೆ ನುಂಗೋ ಮಾತ್ರೆಯಿಂದ ಹೀಗಾಗುತ್ತೆ. ನೋಡದೆ ಹೇಗೆ ಹೇಳಲಿ?"

ಅಳತೆ ಅಕ್ಕನಿಗೆ ಈ ಭಾಷೆ ಚೆನ್ನಾಗಿ ಅರ್ಥವಾಯಿತು. ಪರದೆ ಸೊಟ್ಟಗೆ ಬಿದ್ದರೆ ಎಲ್ಲರೂ ಹೊಲಿಗೆಯನ್ನೇ ಬೈಯುತ್ತಾರೆ. ಕಂಬಿ ಬಾಗಿರಬಹುದು, ಬಟ್ಟೆ ಕುಗ್ಗಿರಬಹುದು, ಕೆಲವೊಮ್ಮೆ ಗೋಡೆಯೇ ವಾಲಿರುತ್ತದೆ. ಏಣಿ ಹತ್ತಿ ನೋಡದೆ ಅವಳೂ ಹೇಳುತ್ತಿರಲಿಲ್ಲ.

"ನೋಡಿ," ಎಂದಳು.

ನೋಡಿದರು. ರಕ್ತ ತೀರಾ ಕಮ್ಮಿಯಿತ್ತು, ಥೈರಾಯ್ಡ್ ಸರಿಯಿತ್ತು. ಸ್ಕ್ಯಾನಿಂಗಿನಲ್ಲಿ ಗರ್ಭಕೋಶದ ಒಳಗೋಡೆಗೆ ಅಂಟಿಕೊಂಡ ನೆಲ್ಲಿಕಾಯಿಯಷ್ಟು ಗಂಟೊಂದು ಕಂಡಿತು. ಪರೀಕ್ಷೆಗೆ ಹೋದ ಚೂರಿನ ಉತ್ತರಕ್ಕೆ ಕಾಯಬೇಕಿತ್ತು. ಆ ದಿನಗಳಲ್ಲಿ ಅಳತೆ ಅಕ್ಕ ಕಬ್ಬಿಣದ ಮಾತ್ರೆ ನುಂಗಿದಳು, ಗಿರಾಕಿಗಳನ್ನು ಬೈಯುವುದನ್ನೂ ಮರೆತಳು. ಒಬ್ಬ 'ಮಾಮೂಲು ಉದ್ದ' ಎಂದು ಹೇಳಿ ಬೈಸಿಕೊಳ್ಳದೆ ಹೋದದ್ದು ಕಂಡು ಓರಗಿತ್ತಿ ಹೊಲಿಗೆ ಬಿಟ್ಟು ಎದ್ದಳು. ಹಿಂದೆಯೇ ಓಡಿಹೋಗಿ ಅವನನ್ನು ತಾನೇ ಬೈದು ಬಂದಳು.

ಉತ್ತರ ಬಂತು. ಕ್ಯಾನ್ಸರ್ ಇಲ್ಲ. ಗಂಟನ್ನು ಹೊಟ್ಟೆ ಕೊಯ್ಯದೆಯೇ ತೆಗೆಯಬಹುದು, ಗರ್ಭಕೋಶ ಇದ್ದಲ್ಲೇ ಇರುತ್ತದೆ ಎಂದರು ಡಾಕ್ಟರಮ್ಮ.

"ನೆಲ್ಲಿಕಾಯಿ ಗಾತ್ರದ ಗಂಟು ಇಟ್ಕೊಂಡು ಒಂದು ವರ್ಷ ಮೆರೆದ್ಯಲ್ಲಕ್ಕಾ," ಎಂದಳು ಓರಗಿತ್ತಿ, ಕಣ್ಣೊರೆಸಿಕೊಳ್ಳುತ್ತ. "ಮೊದಲೇ ತೋರಿಸಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು?"

"ನಮ್ಮಪ್ಪನದೇ ಇರಬೇಕು. ಅದಕ್ಕೇ ಬಿಡೋಕೆ ಮನಸ್ಸಾಗ್ಲಿಲ್ಲ," ಎಂದಳು ಅಳತೆ ಅಕ್ಕ.

ಗಂಟು ಹೋಯಿತು. ಗಂಡ, "ನಾನು ಹೇಳಲಿಲ್ವಾ, ಉಷ್ಣಕ್ಕೇ ಗಂಟು ಕಟ್ಟಿರೋದು," ಎಂದ. ಅವನನ್ನು ಯಾರೂ ತಿದ್ದಲಿಲ್ಲ; ಆ ರೋಗಕ್ಕೆ ಮದ್ದಿರಲಿಲ್ಲ. ಹಲ್ಲಿನ ವೈದ್ಯರ ಮನೆಯ ಪರದೆಗೆ ಗೇಣುದ್ದದ ಅಂಚು ಕೊಟ್ಟು ನೆಲ ಮುಟ್ಟಿಸಿದರು. ಏಣಿ ಹತ್ತಿದವಳು ಅಳತೆ ಅಕ್ಕನೇ.

ಕುರ್ಚಿಯ ಮೇಲೆ ಈಗ ಕೆನೆಬಣ್ಣದ ದಿಂಬಿದೆ.