ಪೈಪಿನಲ್ಲಿ ಬಂದ ಹೆಸರು

ಅಂಬಿಕಾಳಿಗೆ ಬೇಕಾಗಿದ್ದುದು ಇಷ್ಟೇ: ಗಂಡ ತನ್ನನ್ನು ಇನ್ನೊಮ್ಮೆ 'ಅಂಬೀ' ಎಂದು ಕೂಗಬೇಕು. ಕೇಳಿದವರಿಗೆ ಇದು ಚಿಲ್ಲರೆ ಆಸೆ. ಆದರೆ ಭರಮಪ್ಪನ ಗಂಟಲಿನ ಗಡ್ಡೆಯ ಜೊತೆ ಡಾಕ್ಟರು ಧ್ವನಿಪೆಟ್ಟಿಗೆಯನ್ನೂ ತೆಗೆದುಹಾಕಿದ್ದರು. ಬಂದರಿನಲ್ಲಿ ಕೂಲಿ ಮಾಡುತ್ತ, ಭಾನುವಾರ ಮದುವೆ ಬ್ಯಾಂಡಿನಲ್ಲಿ ಗಿಟಾರು ಬಾರಿಸಿ ಹಾಡುತ್ತ ಗೋವಾದ ವಾಸ್ಕೊ ತುಂಬ ಓಡಾಡಿದ್ದ ಮನುಷ್ಯ ಈಗ ಮಂಗೋರ್ ಹಿಲ್‌ನ ಖೋಲಿಯಲ್ಲಿ ಕುಳಿತು, ಚಪ್ಪಾಳೆ ತಟ್ಟಿ ಹೆಂಡತಿಯನ್ನು ಕರೆಯುತ್ತಿದ್ದ.

ಆಸ್ಪತ್ರೆಯವರು ಕುತ್ತಿಗೆಗೆ ಹಿಡಿದು ಮಾತಾಡುವ ಯಂತ್ರವೊಂದನ್ನು ತೋರಿಸಿದ್ದರು. ಅದರ ಗುಂಯ್‌ಗುಟ್ಟುವಿಕೆ ಕೇಳಿ ಭರಮಪ್ಪ ಮುಖ ಸಿಂಡರಿಸಿ ವಾಪಸು ಕೊಟ್ಟ. ಹಾಡುಗಾರನ ಸೊಕ್ಕು ಗಂಟಲಿನಲ್ಲಿ ಇರುವುದಿಲ್ಲವಲ್ಲ, ಅದನ್ನು ಯಾವ ಡಾಕ್ಟರೂ ತೆಗೆಯಲಾರ.

ಅಂಬಿಕಾ ಮಿಕ್ಸರು, ಟಿವಿ ರಿಪೇರಿಯ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಿಟಾರಿನ ಸದ್ದನ್ನು ಪೈಪಿನ ಮೂಲಕ ಬಾಯಿಗೆ ಬಿಟ್ಟು, ತುಟಿ ನಾಲಿಗೆ ಆಡಿಸಿ ಅದನ್ನೇ ಮಾತಾಗಿಸುವ ಟಾಕ್‌ಬಾಕ್ಸನ್ನು ಮೊಬೈಲಿನಲ್ಲಿ ಕಂಡ ದಿನ ಅವಳು ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು. ಇದಕ್ಕೆ ಗಂಟಲು ಬೇಡ, ಬಾಯಿ ಸಾಕು.

ಕೆಟ್ಟ ಹೋಮ್ ಥಿಯೇಟರೊಂದರ ಆಂಪ್ಲಿಫೈಯರ್ ಬೋರ್ಡನ್ನು ಸ್ಟೀಲಿನ ಡಬ್ಬಿಯೊಂದರೊಳಗೆ ಕೂರಿಸಿದಳು. ಜೊತೆಗೆ ಅದರದೇ ಸ್ಪೀಕರನ್ನು ಹಾಕಿ ಬೇಸ್ತುಬಿದ್ದಳು. ಸದ್ದೆಲ್ಲ ಸುತ್ತಮುತ್ತ ಸೋರಿ, ಪೈಪಿನಲ್ಲಿ ಪಿಸುಮಾತಿನಷ್ಟೂ ಬರಲಿಲ್ಲ. ಆಮೇಲೆ ಮೈಕ್‌ಸೆಟ್ಟಿನವರ ಕಹಳೆಯಂಥ ಹಳೆಯ ಸ್ಪೀಕರು ಭೋಂಗಾದ ಹಿಂದಿನ, ಸದ್ದು ಹುಟ್ಟಿಸುವ ಯುನಿಟ್ ಬಿಚ್ಚಿ ತಂದು ಕೂರಿಸಿ, ಅದರ ಬಾಯಿಗೆ ಗೌಂಡಿಗಳು ಮಟ್ಟ ನೋಡುವ ಲೆವೆಲ್ ಪೈಪನ್ನು ಬಿಗಿದಳು. ಈ ಸಲ ಒಂದು ಹನಿ ಸದ್ದೂ ಹೊರಗೆ ಸೋರಲಿಲ್ಲ.

ಭರಮಪ್ಪ ಗಿಟಾರಿನ ವೈರನ್ನು ಡಬ್ಬಿಗೆ ಸಿಕ್ಕಿಸಿ, ಪೈಪನ್ನು ಹಲ್ಲಿನ ನಡುವೆ ಇಟ್ಟುಕೊಂಡು ತಂತಿ ಮೀಟಿದ. ಮೊದಲು ಬರೀ ವಾವ್ ವಾವ್ ಎಂದಿತು. ತುಟಿ ಕೂಡಿಸಿ, ಬಿಡಿಸಿ, ಬೆವರಿ, ಕೊನೆಗೆ "ಅಂಬೀ" ಎಂದ.

ಆ ದನಿ ಅವನದಲ್ಲ, ತಂತಿಯದು. ಆದರೆ ಕೊನೆಯ ಅಕ್ಷರವನ್ನು ಎಳೆದ ರೀತಿ ಅವನದೇ. ಅಂಬಿಕಾ ಅತ್ತಳು. ಕರೆ ಬಂದಿತ್ತು, ಆ ಹಳೆಯ ದನಿ ಮಾತ್ರ ಇನ್ನೆಂದೂ ಬರುವುದಿಲ್ಲ ಎಂಬುದು ಅವಳಿಗೆ ಆಗಲೇ ಪೂರ್ತಿ ತಿಳಿದದ್ದು.

ಅವಳು ಕಣ್ಣೊರೆಸಿಕೊಳ್ಳುವವರೆಗೆ ಕಾದು ಅವನು ಮತ್ತೆ ಮೀಟಿದ. "ಈಗ ನೀ ಕರಿ."

ಅಂಬಿಕಾ ಗಾಬರಿಯಾದಳು. ಗಂಡನ ಹೆಸರು ಹೆಂಡತಿಯ ದನಿಯಲ್ಲಿ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅವಳವ್ವ ಹೇಳಿಕೊಟ್ಟಿದ್ದಳು. ಮದುವೆಯಲ್ಲಿ ಗಂಡನ ಹೆಸರು ಪದ್ಯದಲ್ಲಿ ಸೇರಿಸಿ ಒಡಪು ಕಟ್ಟಿ ಹೇಳಿದ್ದೇ ಮೊದಲು, ಅದೇ ಕೊನೆ. ಆಸ್ಪತ್ರೆಯ ಕಿಟಕಿಯಲ್ಲಿ ಪೇಶಂಟಿನ ಹೆಸರು ಕೇಳಿದಾಗಲೂ ಆಧಾರ್ ಕಾರ್ಡು ಮುಂದೆ ಹಿಡಿದು ಬಾಯಿ ಮುಚ್ಚಿಕೊಂಡಿದ್ದವಳು ಅವಳು.

"ನನಗ ಅಂಜಿಕಿ ಬರತೈತ್ರಿ," ಎಂದಳು. "ಈಗಷ್ಟ ಉಳಿಸ್ಕೊಂಡೇನಿ ನಿಮ್ಮನ್ನ."

"ಎಲ್ಲಾರೂ ಪೇಶಂಟ್ ಅಂತಾರ," ಎಂದಿತು ಗಿಟಾರು, ತಡೆತಡೆದು. "ಹೆಸರ ಹಿಡದು ಯಾರೂ ಕರೆಯೂದಿಲ್ಲ."

ಅವನಿಗೂ ಇಂಥದೊಂದು ಹಸಿವು ಇದ್ದೀತೆಂದು ಅವಳು ಯೋಚಿಸಿಯೇ ಇರಲಿಲ್ಲ. ಆಮೇಲೆ ಅವನ ಬಾಯಿಂದ ಪೈಪನ್ನು ಬಿಡಿಸಿ, ಸೆರಗಿನಲ್ಲಿ ಒರೆಸಿ, ತನ್ನ ಹಲ್ಲಿನ ನಡುವೆ ಇಟ್ಟುಕೊಂಡಳು. ಮೀಟಿರಿ ಎಂದು ಕೈಸನ್ನೆ ಮಾಡಿದಳು. ತನ್ನ ಗಂಟಲಿನಿಂದ ಎಳ್ಳಷ್ಟೂ ಸದ್ದು ಬರದಂತೆ ಉಸಿರು ಬಿಗಿಹಿಡಿದು, ಬರೀ ತುಟಿ ನಾಲಿಗೆ ಆಡಿಸಿದಳು.

"ಭರಮಪ್ಪಾ," ಎಂದಿತು ಗಿಟಾರು.

ತಂತಿಯ ಸದ್ದು ಆರುವ ಮೊದಲೇ, ಇನ್ನೊಮ್ಮೆ ಎಂಬಂತೆ, ಅವನು ಮತ್ತೆ ಮೀಟಿದ.